ಕಂದಕಗಳ ನಕ್ಷೆ

ಮೊದಲನೆಯ ಮಹಾಯುದ್ಧದ ಕಂದಕಗಳು ನೆಲದ ಮೇಲೆ ಬಹುಮಟ್ಟಿಗೆ ಅಳಿದಿವೆ. ಕಾಗದದ ಮೇಲೆ ಉಳಿದಿವೆ. ಬ್ರಿಟಿಷ್ ಸೇನೆ ಅಚ್ಚುಹಾಕಿಸಿದ ಕಂದಕ ನಕ್ಷೆಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ನಾನು ಅವುಗಳಲ್ಲಿ ಅರಸಿದ್ದು ಫ್ರಾನ್ಸಿನ ನವ್ ಶಾಪೆಲ್ ಗ್ರಾಮವನ್ನು. 1915ರ ಮಾರ್ಚ್ 10ರಂದು ಗಢವಾಲ್ ರೈಫಲ್ಸಿನ ಗಬರ್ ಸಿಂಗ್ ನೇಗಿಯವರು ಜರ್ಮನರ ಕಂದಕಕ್ಕೆ ನುಗ್ಗಿ ಹೋರಾಡಿ ಮಡಿದದ್ದು ಅಲ್ಲಿ. ಸಮಾಧಿಯ ಗುರುತಿಲ್ಲದ ಭಾರತೀಯ ಯೋಧರ ಸುಮಾರು 4,700 ಹೆಸರುಗಳನ್ನು ಅಲ್ಲಿಯ ಸ್ಮಾರಕದಲ್ಲಿ ಕೆತ್ತಿದ್ದಾರೆ. ಅವರು ಬಿದ್ದ ನೆಲ ಯಾವುದು?

ನಕ್ಷೆಯನ್ನು ಓದುವ ಕ್ರಮ ಸರಳ. ಹಾಳೆಯ ಸಂಖ್ಯೆ, ದೊಡ್ಡಕ್ಷರದ ಚೌಕ, ಅದರೊಳಗೆ 1,000 ಗಜದ ಅಂಕೆಯ ಚೌಕ, ಅದರೊಳಗೆ 500 ಗಜದ ಸಣ್ಣಕ್ಷರದ ಚೌಕ, ಕೊನೆಗೆ ಎರಡು ಅಂಕೆಗಳು. ಪಡೆಯ ಯುದ್ಧದಿನಚರಿಯಲ್ಲಿ ಈ ಸಂಕೇತ ದೊರೆತರೆ ಸುಮಾರು 50 ಗಜಗಳೊಳಗೆ ಸ್ಥಳ ನಿಶ್ಚಯವಾಗುತ್ತದೆ. ಆದರೆ ಕಂದಕಗಳು ಬದಲಾಗುತ್ತಲೇ ಇದ್ದುವು; ನಕ್ಷೆಯಲ್ಲಿ ಅಚ್ಚಾದ ತಿದ್ದುಪಡಿಯ ತಾರೀಖನ್ನು ಮೊದಲು ನೋಡಬೇಕು.

ಇನ್ನೊಂದು ಸಂಗತಿಯುಂಟು. ನಕ್ಷೆ ಶತ್ರುವಿನ ಕೈಸೇರೀತೆಂಬ ಭಯದಿಂದ ಬ್ರಿಟಿಷರು ಜರ್ಮನರ ಕಂದಕಗಳನ್ನು ವಿವರವಾಗಿ ಬರೆದು, ತಮ್ಮವನ್ನು ಬಹುಪಾಲು ನಕ್ಷೆಗಳಲ್ಲಿ ಬಿಟ್ಟರು. ನಮ್ಮವರು ಚಳಿಗಾಲವಿಡೀ ಕಾದು ನಿಂತ ನೆಲ ಅಲ್ಲಿ ಬರಿದಾಗಿ ಕಾಣುತ್ತದೆ. ಆ ಬರಿದನ್ನು ನಿರ್ಜನವೆಂದು ಓದಬಾರದು. ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡು ಅಲ್ಲಿ ನಿಂತವರನ್ನು ಒಬ್ಬೊಬ್ಬರಾಗಿ ಗುರುತಿಸಬೇಕು.