ವಿಳಾಸ ಹೊತ್ತ ಪ್ರೋಟೀನುಗಳು

ಬೆಳಗಿನ ಒಂಬತ್ತಕ್ಕೆ ಮುಂಬೈಯ ಘಾಟ್ಕೋಪರ್‌ನಲ್ಲಿ ಲೋಕಲ್ ಇಳಿದು ಮೆಟ್ರೊ ಕಡೆ ನುಗ್ಗುವವರಿಗೆ ತಾವೆಲ್ಲಿಗೆ ಹೋಗಬೇಕೆಂಬುದು ಗೊತ್ತಿರುತ್ತದೆ. ಜೀವಕೋಶದ ಪ್ರೋಟೀನಿಗೆ ಆ ತಿಳಿವಿಲ್ಲ. ಆದರೂ ರೈಬೊಸೋಮಿನಲ್ಲಿ ತಯಾರಾದ ಅಣು ಮೈಟೊಕಾಂಡ್ರಿಯಾಕ್ಕೋ ನ್ಯೂಕ್ಲಿಯಸ್ಸಿಗೋ ಕೋಶದ ಹೊರಕ್ಕೋ ದಾರಿ ತಪ್ಪದೆ ಹೋಗಿ ಸೇರುತ್ತದೆ.

ದಾರಿಯನ್ನು ಮೊದಲು ಗುರುತಿಸಿದವರು ಜಾರ್ಜ್ ಪಲಾಡೆ. 1960ರ ದಶಕದಲ್ಲಿ ಅವರ ತಂಡ ಗಿನಿಯಿಲಿಯ ಮೇದೋಜೀರಕ ಗ್ರಂಥಿಗೆ ವಿಕಿರಣಶೀಲ ಅಮೈನೊ ಆಮ್ಲ ಉಣಿಸಿತು. ಹೊಸ ಪ್ರೋಟೀನು ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್‌ನಿಂದ ಗಾಲ್ಗಿಗೆ, ಅಲ್ಲಿಂದ ಸ್ರಾವದ ಕಣಗಳಿಗೆ ಸಾಗುವುದು ಕಂಡಿತು. ಎಲ್ಲಿಗೆ ಹೋಗಬೇಕೆಂಬ ವಿಳಾಸ ಪ್ರೋಟೀನಿನ ಮೊದಲ ತುದಿಯಲ್ಲೇ ಇದೆ ಎಂದು 1971ರಲ್ಲಿ ಊಹಿಸಿದವರು ಗುಂಟರ್ ಬ್ಲೋಬೆಲ್ ಮತ್ತು ಡೇವಿಡ್ ಸಬಟಿನಿ. 1975ರ ಪ್ರಯೋಗಗಳು ಊಹೆಯನ್ನು ಗಟ್ಟಿಮಾಡಿದವು. ಪ್ರೋಟೀನು ರೆಟಿಕ್ಯುಲಮ್ ಒಳಹೊಕ್ಕ ಮೇಲೆ ವಿಳಾಸದ ಆ ತುಣುಕು ಸಾಮಾನ್ಯವಾಗಿ ಕತ್ತರಿಸಿಹೋಗುತ್ತದೆ. ಬ್ಲೋಬೆಲ್‌ಗೆ 1999ರಲ್ಲಿ ನೊಬೆಲ್ ಬಂತು. ವಿಳಾಸ ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ ಮಕ್ಕಳ ಐ-ಸೆಲ್ ರೋಗವೇ ಸಾಕ್ಷಿ. ಲೈಸೊಸೋಮಿಗೆ ಹೋಗಬೇಕಾದ ಕಿಣ್ವಗಳಿಗೆ ಮ್ಯಾನೋಸ್-6-ಫಾಸ್ಫೇಟ್ ಗುರುತು ಅಂಟುವುದಿಲ್ಲ, ಅವು ಕೋಶದಿಂದ ಹೊರಗೆ ಸೋರಿಹೋಗುತ್ತವೆ.

ಮುಂದಿನ ಅಧ್ಯಾಯದಲ್ಲಿ ಮುಂಬೈಗೂ ಪಾಲಿದೆ, ಅದೂ ಹಣ್ಣುನೊಣದ ಮೂಲಕ. ಹೋಮಿ ಭಾಭಾ ಆಹ್ವಾನದ ಮೇರೆಗೆ 1962ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್‌ನಲ್ಲಿ ಆಣ್ವಿಕ ಜೀವಶಾಸ್ತ್ರ ವಿಭಾಗ ತೆರೆದ ಒಬೈದ್ ಸಿದ್ದೀಕಿ, ಕ್ಯಾಲ್ಟೆಕ್‌ನ ಸೀಮೋರ್ ಬೆಂಜರ್ ಜೊತೆ 1976ರಲ್ಲಿ ಕೆಲವು ವಿಚಿತ್ರ ನೊಣಗಳನ್ನು ವಿವರಿಸಿದರು. ಶಾಖ ತಾಗಿದರೆ ಅವು ನಿಶ್ಚಲವಾಗಿ ಬೀಳುತ್ತಿದ್ದವು. ಅವುಗಳಲ್ಲಿ ಒಂದು ತಳಿ ತಣ್ಣಗಾದ ಮೇಲೂ ಬೇಗ ಏಳುತ್ತಿರಲಿಲ್ಲ. ಅದರ ಹೆಸರು ಕೊಮಟೋಸ್. ಅವರು ಹುಡುಕುತ್ತಿದ್ದುದು ನರಗಳ ರಹಸ್ಯವನ್ನು, ಪ್ರೋಟೀನ್ ಸಾಗಾಟವನ್ನಲ್ಲ. ಇತ್ತ ರ‍್ಯಾಂಡಿ ಶೆಕ್ಮನ್ ಯೀಸ್ಟಿನಲ್ಲಿ ಸಾಗಾಟದ ವಂಶವಾಹಿಗಳನ್ನು ಒಂದೊಂದಾಗಿ ಹಿಡಿದರು. ಜೇಮ್ಸ್ ರಾಥ್ಮನ್, ಪ್ರೋಟೀನು ಹೊತ್ತೊಯ್ಯುವ ಪುಟ್ಟ ಚೀಲಗಳಾದ ಕೋಶಕಗಳ ಬೆಸುಗೆಗೆ ಬೇಕಾದ ಎನ್‌ಎಸ್‌ಎಫ್ ಪ್ರೋಟೀನನ್ನು 1988ರಲ್ಲಿ ಶುದ್ಧಗೊಳಿಸಿದರು. 1990ರ ದಶಕದಲ್ಲಿ ನೋಡಿದರೆ, ಕೊಮಟೋಸ್ ನೊಣದಲ್ಲಿ ಕೆಟ್ಟಿದ್ದು ಇದೇ ಎನ್‌ಎಸ್‌ಎಫ್! 2013ರ ನೊಬೆಲ್ ಶೆಕ್ಮನ್, ರಾಥ್ಮನ್ ಮತ್ತು ಥಾಮಸ್ ಸುಡೋಫ್ ಪಾಲಾಯಿತು. ಅದು ಸರಿಯೇ, ಆದರೆ ಆ ಕಥೆ ಹೇಳುವಾಗ ನೊಣವನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಟಿಐಎಫ್‌ಆರ್‌ನದೇ ಶಾಖೆಯಾದ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಸತ್ಯಜಿತ್ ಮೇಯರ್, ಕೋಶ ಹೊರಗಿನದನ್ನು ಒಳಕ್ಕೆಳೆಯುವ ಬಗೆಯನ್ನು ಕೆದಕಿದರು. ಕ್ಲಾತ್ರಿನ್ ಎಂಬ ಪ್ರೋಟೀನಿನ ಹೊದಿಕೆಯಿಲ್ಲದೆಯೂ ಕೆಲವು ಪ್ರೋಟೀನುಗಳು ಪ್ರತ್ಯೇಕ ದಾರಿಯಲ್ಲಿ ಒಳಬರುತ್ತವೆ ಎಂದು ಅವರ ತಂಡ 2002ರಲ್ಲಿ ತೋರಿಸಿತು. ಮೇಯರ್ ರಸಾಯನಶಾಸ್ತ್ರ ಓದಿದ್ದು ಘಾಟ್ಕೋಪರ್‌ಗೆ ಸಮೀಪದ ಪವಾಯಿಯ ಐಐಟಿಯಲ್ಲಿ.

ಕೋಶಕವನ್ನು ಎಳೆಯುವವರು ಯಾರು ಎಂಬ ಪ್ರಶ್ನೆಗೂ ಮುಂಬೈಯಲ್ಲೇ ಒಳ್ಳೆಯ ಉತ್ತರ ಸಿಕ್ಕಿದೆ. ಎಳೆಯುವ ಮೋಟಾರು ಪ್ರೋಟೀನುಗಳಲ್ಲಿ ಕೈನೆಸಿನ್‌ನ ಒಂದೇ ಅಣು ಸಾಕಷ್ಟು ಬಲಶಾಲಿ, ಡೈನೀನ್ ದುರ್ಬಲ. ಆದರೂ ಭಾರದ ಸರಕನ್ನು ಡೈನೀನ್‌ಗಳು ಹೇಗೆ ಎಳೆಯುತ್ತವೆ? ಟಿಐಎಫ್‌ಆರ್‌ನಲ್ಲಿದ್ದಾಗ ರೂಪ್ ಮಲ್ಲಿಕ್ ತಂಡ ಲೇಸರ್ ಬೆಳಕಿನಲ್ಲಿ ಕೋಶದೊಳಗಿನ ಸರಕನ್ನೇ ಹಿಡಿದು ಅಳೆದು 2013ರಲ್ಲಿ ಹೇಳಿದ್ದು: ಭಾರ ಹೆಚ್ಚಾದಾಗ ಮುಂದಿನ ಡೈನೀನ್ ನಿಧಾನಿಸುತ್ತದೆ, ಹಿಂದಿನವು ಬಂದು ಸೇರುತ್ತವೆ, ಹೊರೆ ಹಂಚಿಹೋಗುತ್ತದೆ. ಕೈನೆಸಿನ್‌ಗಳಿಗೆ ಈ ಹೊಂದಾಣಿಕೆ ಅಷ್ಟಾಗಿ ಒಗ್ಗದು. ಮಲ್ಲಿಕ್ ನಂತರ ಪವಾಯಿ ಐಐಟಿ ಸೇರಿದರು. ಕೊಲಾಬಾದ ಟಿಐಎಫ್‌ಆರ್‌ನಲ್ಲಿ ಸಂಧ್ಯಾ ಕೌಶಿಕಾ ಹುಳುವಿನ ನರಕೋಶಗಳಲ್ಲಿ ಸಾಗಾಟವನ್ನು ನೋಡುತ್ತಿದ್ದಾರೆ.

ಕೋಶದ ಪಾಠ ಹೇಳುವ ಅಧ್ಯಾಪಕರಲ್ಲಿ ಒಂದು ಕೋರಿಕೆ: ಗಾಲ್ಗಿಯ ಚಿತ್ರ ಬರೆಸಿ ಬಿಡಬೇಡಿ, ಕೊಮಟೋಸ್ ನೊಣದ ಕಥೆಯನ್ನೂ ಹೇಳಿ.