ತಂತಿಯ ನಕ್ಷೆ, ರೀಲಿನ ನಕ್ಷೆ: ಕೃಷ್ಣಾ ಗಡಿಯಲ್ಲಿ ದೂರವಾಣಿ ಮತ್ತು ಗಣಕಯಂತ್ರದ ಹಳೆಯ ಚಿತ್ರಗಳು

1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯನ್ನು ಹೊಸ ಮೈಸೂರು ರಾಜ್ಯಕ್ಕೆ ಸೇರಿಸಿತು. ಆದರೆ ಆಲಂಪುರ ಮತ್ತು ಗದ್ವಾಲ ತಾಲ್ಲೂಕುಗಳನ್ನು ಅದರಿಂದ ಹೊರಗಿಟ್ಟಿತು. ಗುಲಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳೂ ಹಾಗೆಯೇ ಹೊರಗುಳಿದವು. ಮಹಬೂಬನಗರ ಜಿಲ್ಲೆಯಲ್ಲಿದ್ದ ನಾರಾಯಣಪೇಟೆ ಮತ್ತು ಮಕ್ತಲ್ ಆಂಧ್ರಪ್ರದೇಶದ ಪಾಲಾದವು. ಇಂದು ಆಲಂಪುರ ಮತ್ತು ಗದ್ವಾಲ 2016ರಲ್ಲಿ ರಚನೆಯಾದ ಜೋಗುಲಾಂಬ ಗದ್ವಾಲ ಜಿಲ್ಲೆಯಲ್ಲೂ ನಾರಾಯಣಪೇಟೆ ಮತ್ತು ಮಕ್ತಲ್ 2019ರಲ್ಲಿ ರಚನೆಯಾದ ನಾರಾಯಣಪೇಟೆ ಜಿಲ್ಲೆಯಲ್ಲೂ ಇವೆ. ಈ ಸೀಮೆಯ ಕನ್ನಡದ ಚರಿತ್ರೆಯನ್ನು ಸಾಮಾನ್ಯವಾಗಿ ಶಾಸನ, ಶಾಲೆ ಮತ್ತು ಜನಗಣತಿಗಳ ಆಧಾರದ ಮೇಲೆ ಬರೆಯಲಾಗಿದೆ. ಚಲನಚಿತ್ರದ ರೀಲು ಮತ್ತು ದೂರವಾಣಿಯ ತಂತಿಯೂ ಈ ಚರಿತ್ರೆಗೆ ಆಕರಗಳಾಗಬಲ್ಲವು ಎಂಬ ಮಾತಿಗೆ ಇನ್ನೂ ತಕ್ಕಷ್ಟು ಗಮನ ಸಂದಿಲ್ಲ.

ಯಂತ್ರಗಳನ್ನು ಜನಸಾಮಾನ್ಯರಿಗೆ ಪರಿಚಯಿಸಲು ತೆಗೆದ ಹಳೆಯ ಕಿರುಚಿತ್ರಗಳು ಕಳೆದ ಕೆಲವು ದಶಕಗಳಲ್ಲಿ ಹಲವೆಡೆ ಮತ್ತೆ ಬೆಳಕಿಗೆ ಬಂದಿವೆ. ಅಮೆರಿಕದಲ್ಲಿ ರಿಕ್ ಪ್ರೆಲಿಂಗರ್ 1980ರ ದಶಕದಿಂದ ಸಂಗ್ರಹಿಸಿದ ಕೈಗಾರಿಕಾ ಮತ್ತು ಶೈಕ್ಷಣಿಕ ಚಿತ್ರಗಳ ಭಂಡಾರವು 2002ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸನ್ನು ಸೇರಿತು. ಬ್ರಿಟನ್ನಿನ ಅಂಚೆ ಇಲಾಖೆಯ ಚಿತ್ರ ಘಟಕವು 1933ರಲ್ಲಿ ತಯಾರಿಸಿದ ‘ದ ಕಮಿಂಗ್ ಆಫ್ ದ ಡಯಲ್’ ಸ್ವಯಂಚಾಲಿತ ದೂರವಾಣಿಯ ಆಗಮನವನ್ನು ದಾಖಲಿಸಿತು. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ‘ಎ ಕಮ್ಯುನಿಕೇಷನ್ಸ್ ಪ್ರೈಮರ್’ (1953) ಚಿತ್ರದಲ್ಲಿ ಕ್ಲಾಡ್ ಶಾನನ್‌ನ ಮಾಹಿತಿ ಸಿದ್ಧಾಂತವನ್ನು ವಿವರಿಸಿದರು; 1958ರ ಬ್ರಸೆಲ್ಸ್ ವಿಶ್ವ ಪ್ರದರ್ಶನಕ್ಕಾಗಿ ಐ.ಬಿ.ಎಂ. ಪರವಾಗಿ ‘ದ ಇನ್ಫರ್ಮೇಷನ್ ಮಷೀನ್’ ಎಂಬ ರೇಖಾಚಿತ್ರಗಳ ಕಿರುಚಿತ್ರವನ್ನು ರೂಪಿಸಿದರು. ಅದೇ 1958ರಲ್ಲಿ ಅವರು ಭಾರತ ಸರ್ಕಾರಕ್ಕೆ ಸಲ್ಲಿಸಿದ ವರದಿಯು 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಸ್ಥಾಪನೆಗೆ ಕಾರಣವಾಯಿತು.

ಭಾರತದ ಸಾಕ್ಷ್ಯಚಿತ್ರ ವ್ಯವಸ್ಥೆಗೂ ಈ ಪರಂಪರೆಗೂ ನೇರ ಸಂಬಂಧವಿದೆ. ಎರಡನೆಯ ಮಹಾಯುದ್ಧದ ಕಾಲದ ಫಿಲ್ಮ್ ಅಡ್ವೈಸರಿ ಬೋರ್ಡಿಗೆ ಮಾರ್ಗದರ್ಶನ ನೀಡಲು ಬ್ರಿಟಿಷ್ ಸಾಕ್ಷ್ಯಚಿತ್ರ ಚಳವಳಿಯ ಅಲೆಕ್ಸಾಂಡರ್ ಶಾ 1940ರಲ್ಲಿ ಭಾರತಕ್ಕೆ ಬಂದರು. 1943ರಲ್ಲಿ ಇನ್ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ ಅದರ ಸ್ಥಾನವನ್ನು ಪಡೆಯಿತು. ಸ್ವಾತಂತ್ರ್ಯಾನಂತರ 1948ರಲ್ಲಿ ಫಿಲ್ಮ್ಸ್ ಡಿವಿಷನ್ ಆರಂಭವಾಯಿತು. ಮುಖ್ಯ ಚಿತ್ರಕ್ಕೆ ಮುನ್ನ ವಾರ್ತಾಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ತೋರಿಸುವುದು ಚಿತ್ರಮಂದಿರಗಳ ಪರವಾನಗಿಯ ಷರತ್ತಾಗಿತ್ತು. ಅದಕ್ಕೆ ಮಾಲೀಕರು ಬಾಡಿಗೆಯನ್ನೂ ತೆರಬೇಕಾಗಿತ್ತು. ಚಿತ್ರಮಂದಿರವಿಲ್ಲದ ಊರುಗಳಿಗೆ 16 ಎಂ.ಎಂ. ಪ್ರಕ್ಷೇಪಕವನ್ನು ಹೊತ್ತ ಕ್ಷೇತ್ರ ಪ್ರಚಾರದ ವಾಹನಗಳು ಹೋಗುತ್ತಿದ್ದವು. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ದೂರವಾಣಿ ಇವು ಬಹುಪಾಲು ಗ್ರಾಮೀಣ ಪ್ರೇಕ್ಷಕರ ಬದುಕಿಗೆ ಬರುವ ಮೊದಲೇ ಪರದೆಯ ಮೇಲೆ ಬಂದವು.

ಇಲ್ಲಿ ಭಾಷೆಯ ಪ್ರಶ್ನೆಯು ತಾಂತ್ರಿಕ ಪ್ರಶ್ನೆಯೂ ಹೌದು. 35 ಎಂ.ಎಂ. ಪ್ರದರ್ಶನ ಪ್ರತಿಯಲ್ಲಿ ಧ್ವನಿಯು ಚಿತ್ರದ ಪಕ್ಕದಲ್ಲೇ ಸಣ್ಣ ಪಟ್ಟಿಯಾಗಿ ಅಚ್ಚಾಗಿರುತ್ತದೆ. ಪ್ರಕ್ಷೇಪಕದ ದೀಪದ ಬೆಳಕು ಆ ಪಟ್ಟಿಯ ಮೂಲಕ ಹಾಯ್ದಾಗ ಧ್ವನಿ ಹೊಮ್ಮುತ್ತದೆ. ಆದ್ದರಿಂದ ಫಿಲ್ಮ್ಸ್ ಡಿವಿಷನ್ ಒಂದೇ ಚಿತ್ರವನ್ನು ಕನ್ನಡದಲ್ಲೂ ತೆಲುಗಿನಲ್ಲೂ ಹೊರತಂದಾಗ ಎರಡು ಬೇರೆ ಬೇರೆ ಪ್ರತಿಗಳು ಬೇಕಾಗುತ್ತಿದ್ದವು. ಇಂಗ್ಲಿಷ್ ಪ್ರತಿ ಉಳಿದ ಮಾತ್ರಕ್ಕೆ ಕನ್ನಡದ ನಿರೂಪಣೆಯೂ ಉಳಿಯಿತೆಂದು ಹೇಳಲಾಗದು. ದೃಶ್ಯವು ಸುರಕ್ಷಿತವಾಗಿದ್ದು ಮಾತು ಮಾತ್ರ ನಾಶವಾಗುವ ಇಂತಹ ಸಾಧ್ಯತೆಯನ್ನು ಚಿತ್ರ ಸಂರಕ್ಷಣೆಯ ಚರ್ಚೆಗಳು ವಿರಳವಾಗಿ ಪರಿಗಣಿಸುತ್ತವೆ. ಆದರೆ ಭಾಷಾ ಅಲ್ಪಸಂಖ್ಯಾತರ ಚರಿತ್ರೆಗೆ ಅತ್ಯಂತ ಬೆಲೆಯುಳ್ಳ ಭಾಗವೇ ಆ ಮಾತು.

ಚಿತ್ರ ಹಂಚಿಕೆಯ ನಕ್ಷೆಯು ರಾಜ್ಯದ ನಕ್ಷೆಯನ್ನು ಅನುಸರಿಸಲಿಲ್ಲ. ಹಿಂದಿ ಚಿತ್ರೋದ್ಯಮವು ‘ನಿಜಾಮ್’ ಎಂದು ಕರೆಯುವ ಹಂಚಿಕೆ ವಲಯದಲ್ಲಿ ತೆಲಂಗಾಣದೊಡನೆ ಕರ್ನಾಟಕದ ಬೀದರ್, ಗುಲಬರ್ಗಾ ಮತ್ತು ರಾಯಚೂರು ಸೀಮೆಯೂ ಮರಾಠವಾಡದ ಭಾಗಗಳೂ ಸೇರಿವೆ. 1956ರಲ್ಲಿ ಆಡಳಿತದಿಂದ ಅಳಿದುಹೋದ ಹೈದರಾಬಾದ್ ರಾಜ್ಯವು ಚಿತ್ರದ ಪೆಟ್ಟಿಗೆಗಳು ಸಾಗುವ ದಾರಿಯಲ್ಲಿ ಉಳಿದುಕೊಂಡಿತು. ಹೀಗಾಗಿ ರಾಯಚೂರು ಮತ್ತು ಗದ್ವಾಲಗಳು ಎರಡು ರಾಜ್ಯಗಳಿಗೆ ಸೇರಿದ ಮೇಲೂ ವ್ಯಾಪಾರದ ದೃಷ್ಟಿಯಲ್ಲಿ ಒಂದೇ ವಲಯವಾಗಿದ್ದವು. ದೂರವಾಣಿಯ ಮೂಲಕ ರಂಗೂನ್ ಮತ್ತು ಡೆಹ್ರಾಡೂನ್‌ಗಳ ನಡುವಿನ ವಿರಹವನ್ನು ಹಾಸ್ಯವಾಗಿಸಿದ, ಸಿ. ರಾಮಚಂದ್ರ ಸಂಗೀತದ ‘ಪತಂಗಾ’ (1949) ಚಿತ್ರದ ಹಾಡು, ಉರ್ದು ಬಲ್ಲ ಈ ಸೀಮೆಗೆ ಅನುವಾದವನ್ನು ಬೇಡುವಂಥದ್ದಾಗಿರಲಿಲ್ಲ. ಮುಂದೆ ತೆಲುಗಿನ ‘ಗೂಢಚಾರಿ 116’ (1966) ಮತ್ತು ಕನ್ನಡದ ‘ಜೇಡರ ಬಲೆ’ (1968) ಜೇಮ್ಸ್ ಬಾಂಡ್ ಮಾದರಿಯ ಪತ್ತೇದಾರನನ್ನು ಆಯಾ ಭಾಷೆಗೆ ಒಗ್ಗಿಸಿದವು. ಇವುಗಳನ್ನು ಕೇವಲ ಅನುಕರಣೆಯೆಂದು ಬದಿಗಿಡುವ ಬದಲು, ಯಂತ್ರದ ಬಗೆಗಿನ ಬೆರಗು ಎರಡು ಭಾಷೆಗಳಲ್ಲಿ ಹೇಗೆ ಮಾತಾಯಿತೆಂದು ಹೋಲಿಸಿ ನೋಡಲು ದ್ವಿಭಾಷಿಕ ಗಡಿಗಿಂತ ಸೂಕ್ತವಾದ ನೆಲೆ ಬೇರೊಂದಿಲ್ಲ.

ದೂರವಾಣಿಯ ನಕ್ಷೆ ಇದಕ್ಕಿಂತ ಜಟಿಲವಾದುದು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಟ್ರೌಜರ್ ಮಾದರಿಯ ವಿನಿಮಯ ಸಾಧನಗಳನ್ನು ತಯಾರಿಸಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರಾಯಿತು. ಚಂದಾದಾರರೇ ಡಯಲ್ ಮಾಡಿ ಪರ ಊರಿನೊಡನೆ ಮಾತನಾಡುವ ಎಸ್.ಟಿ.ಡಿ. ಸೌಲಭ್ಯ ದೇಶದಲ್ಲಿ ಮೊದಲು ಬಂದದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌಗಳ ನಡುವೆ. ಸಣ್ಣ ಪಟ್ಟಣಗಳಿಗೆ ಅದು ತಲುಪಲು ದಶಕಗಳೇ ಹಿಡಿದವು. ಅಲ್ಲಿಯವರೆಗೆ ಟ್ರಂಕ್ ಕಾಲ್ ಕಾಯ್ದಿರಿಸಿ, ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಲ್ಲಿ ಒಂದನ್ನು ಆರಿಸಿ ಕಾಯಬೇಕಾಗಿತ್ತು. ಸಿ-ಡಾಟ್ 1984ರಲ್ಲಿ ಆರಂಭವಾದ ನಂತರ, ಅದು ರೂಪಿಸಿದ 128 ಮಾರ್ಗಗಳ ಗ್ರಾಮೀಣ ವಿನಿಮಯ ಕೇಂದ್ರವು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಸ್ಥಾಪಿತವಾಯಿತು. ಬ್ರಿಟನ್ನಿನ 1933ರ ಚಿತ್ರವು ಕೊಂಡಾಡಿದ ಡಯಲ್ಲಿನ ಯುಗವನ್ನು ಭಾರತದ ಅನೇಕ ಸಣ್ಣ ಊರುಗಳು ಪೂರ್ಣವಾಗಿ ಕಾಣಲೇ ಇಲ್ಲ. ಅವು ಆಪರೇಟರನ ಕಾಲದಿಂದ ನೇರವಾಗಿ ಎಲೆಕ್ಟ್ರಾನಿಕ್ ಕಾಲಕ್ಕೆ ಜಿಗಿದವು.

ಎಸ್.ಟಿ.ಡಿ. ಸಂಕೇತಗಳನ್ನೇ ಒಂದು ದಾಖಲೆಯಾಗಿ ಓದಬಹುದು. ರಾಯಚೂರು 08532, ಮಹಬೂಬನಗರ 08542, ಗದ್ವಾಲ 08546, ನಾರಾಯಣಪೇಟೆ 08506. ಸೇವೆಯ ಆಡಳಿತವು ಕರ್ನಾಟಕ ಮತ್ತು ಆಂಧ್ರಪ್ರದೇಶ ವೃತ್ತಗಳೆಂದು ವಿಂಗಡವಾಗಿದ್ದರೂ ಸಂಖ್ಯೆಗಳು ಗಡಿಯ ಎರಡೂ ಬದಿಯ ಊರುಗಳನ್ನು 085 ಎಂಬ ಒಂದೇ ಗುಂಪಿನಲ್ಲಿರಿಸಿದವು. ಇದರಲ್ಲಿ ಭಾಷಾಭಿಮಾನವನ್ನಾಗಲಿ ರಾಜಕೀಯವನ್ನಾಗಲಿ ಹುಡುಕುವುದು ಸಲ್ಲದು. ಆದರೂ ಗದ್ವಾಲ–ರಾಯಚೂರು ರೈಲು ಸಂಪರ್ಕವು 2013ರವರೆಗೆ ಕಾಯಬೇಕಾಯಿತೆಂಬುದನ್ನು ನೆನೆದರೆ, ಸಂಖ್ಯೆಗಳಲ್ಲಿ ಮೊದಲೇ ಕಾಣಿಸಿಕೊಂಡ ಈ ನೆರೆಹೊರೆತನ ಅರ್ಥಪೂರ್ಣವೆನಿಸುತ್ತದೆ.

ಗಣಕಯಂತ್ರದ ಕಥೆಯು ಈ ಸೀಮೆಗೆ ಅಷ್ಟು ದೂರದ್ದಲ್ಲ. ರಾಜ್ಯಗಳು ಪುನರ್ವಿಂಗಡಣೆಯಾದ 1956ರಲ್ಲೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಾಯೋಗಿಕ ಗಣಕವು ಕೆಲಸ ಆರಂಭಿಸಿತು. ಪೂರ್ಣ ಯಂತ್ರಕ್ಕೆ 1962ರಲ್ಲಿ ‘ಟಿಫ್ರಾಕ್’ ಎಂಬ ಹೆಸರಾಯಿತು. ಆ ಕಾಲದ ಅನೇಕ ಗಣಕಗಳು ಓದುತ್ತಿದ್ದ ರಂಧ್ರಪತ್ರದ ಪೂರ್ವಜ, ಹತ್ತೊಂಬತ್ತನೆಯ ಶತಮಾನದ ಆರಂಭದ ಜಕಾರ್ಡ್ ಮಗ್ಗದ ಅಟ್ಟೆ. ರಂಧ್ರವಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗುಳಿಯುತ್ತದೆ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು–ಸೆರಗನ್ನು ಕೂಡಿಸಿ ನೇಯುವ ಗದ್ವಾಲದಲ್ಲಿ ಜಕಾರ್ಡ್ ಇಂದಿಗೂ ನೇಕಾರರ ಕೈಯ ಸಾಧನ. ಗಣಕವನ್ನು ಅನ್ಯಲೋಕದ ವಸ್ತುವೆಂಬಂತೆ ತೋರಿಸಿದ ಚಿತ್ರಗಳನ್ನು ಇಂಥ ಊರುಗಳ ಪ್ರೇಕ್ಷಕರೊಡನೆ ಇಂದು ಮತ್ತೆ ನೋಡಿದರೆ, ‘ಹಿಂದುಳಿದ ಪ್ರೇಕ್ಷಕ’ ಎಂಬ ಅವುಗಳ ಪೂರ್ವಗ್ರಹ ತಾನಾಗಿ ಪ್ರಶ್ನೆಗೊಳಗಾಗುತ್ತದೆ.

ಪದಗಳ ವಿಷಯದಲ್ಲಿಯೂ ಗಡಿ ಬೋಧಕವಾಗಿದೆ. ‘ದೂರವಾಣಿ’ ಕನ್ನಡದಲ್ಲೂ ತೆಲುಗಿನಲ್ಲೂ ಒಂದೇ. ಆಡುಮಾತಿನ ‘ಫೋನು’ ಕೂಡ ಎರಡಕ್ಕೂ ಸಮಾನ. 1991ರ ಇಸ್ಕಿ ಮಾನಕದಲ್ಲಿ ಕನ್ನಡದ ‘ಕ’ ಮತ್ತು ತೆಲುಗಿನ ‘ಕ’ ಅಕ್ಷರಗಳಿಗೆ ಒಂದೇ ಸಂಕೇತವಿತ್ತು. ಲಿಪಿಯ ಆಯ್ಕೆಯಷ್ಟೇ ಅವನ್ನು ಬೇರ್ಪಡಿಸುತ್ತಿತ್ತು. ಯೂನಿಕೋಡ್ ಎರಡಕ್ಕೂ ಪ್ರತ್ಯೇಕವಾದ, ಆದರೆ ಒಂದರ ಪಕ್ಕದಲ್ಲೊಂದಿರುವ ಸ್ಥಾನಗಳನ್ನು ಕೊಟ್ಟಿತು. ಇಸ್ಕಿಯಲ್ಲಿ ಒಂದಾಗಿ, ಯೂನಿಕೋಡಿನಲ್ಲಿ ನೆರೆಯಾಗಿ ನಿಂತ ಈ ಲಿಪಿಗಳ ಸಂಬಂಧವನ್ನು ಕೃಷ್ಣಾ ತೀರದ ದ್ವಿಭಾಷಿಕರು ನಿತ್ಯದ ಬದುಕಿನಲ್ಲಿ ಬಲ್ಲರು.

ಫಿಲ್ಮ್ಸ್ ಡಿವಿಷನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಂಡಿತು. ಅದರ ಚಿತ್ರಗಳ ಡಿಜಿಟಲೀಕರಣ ನಡೆದಿದೆಯಾದರೂ ಸಾರ್ವಜನಿಕರಿಗೆ ಸುಲಭವಾಗಿ ದೊರೆಯುವುದು ಬಹುಮಟ್ಟಿಗೆ ಇಂಗ್ಲಿಷ್ ಮತ್ತು ಹಿಂದಿ ಆವೃತ್ತಿಗಳು. ಅಸಿಟೇಟ್ ಫಿಲ್ಮು ಬಿಸಿ ಮತ್ತು ತೇವದಲ್ಲಿ ಹುಳಿವಾಸನೆ ಬೀರುತ್ತ ಸುರುಟಿಕೊಳ್ಳುತ್ತದೆ. ಒಮ್ಮೆ ಆರಂಭವಾದ ಈ ಕ್ಷಯವನ್ನು ನಿಧಾನಗೊಳಿಸಬಹುದೇ ಹೊರತು ಹಿಂತಿರುಗಿಸಲಾಗದು. ಡಿಜಿಟಲ್ ಪ್ರದರ್ಶನ ಬಂದ ಮೇಲೆ ರೀಲು ಓಡಿಸಿದವರ ತಲೆಮಾರು ನಿವೃತ್ತವಾಗಿದೆ. ಆದ್ದರಿಂದ ಗಡಿನಾಡ ಕನ್ನಡದ ಸಂಶೋಧನೆಯ ಮುಂದೆ ಮೂರು ಕೆಲಸಗಳಿವೆ: ಕನ್ನಡ ನಿರೂಪಣೆಯ ಪ್ರತಿಗಳನ್ನು ಮತ್ತು ಧ್ವನಿಯ ನೆಗೆಟಿವ್‌ಗಳನ್ನು ಪ್ರತ್ಯೇಕವಾಗಿ ಪಟ್ಟಿಮಾಡುವುದು, ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲದ ಚಿತ್ರಮಂದಿರಗಳ ಡಿ.ಸಿ.ಆರ್. ಪುಸ್ತಕಗಳಲ್ಲಿ ಯಾವ ಭಾಷೆಯ ಪ್ರತಿ ಬಂದಿತ್ತೆಂಬ ಸುಳಿವನ್ನು ಅರಸುವುದು. ಆಪರೇಟರುಗಳ ಮತ್ತು ಪ್ರೇಕ್ಷಕರ ನೆನಪನ್ನು ಅವರ ಸ್ವಂತ ಮಾತಿನಲ್ಲಿ ಧ್ವನಿಮುದ್ರಿಸುವುದು. ಮೊದಲ ಎರಡಕ್ಕೆ ಅನುಮತಿ ಮತ್ತು ಅನುದಾನ ಬೇಕು. ಮೂರನೆಯದಕ್ಕೆ ಧ್ವನಿಮುದ್ರಕ, ಎರಡು ಭಾಷೆಗಳ ಪರಿಚಯ ಮತ್ತು ಸಮಯ ಸಾಕು. ಆ ಸಮಯ ಕಡಿಮೆಯಾಗುತ್ತಿರುವುದರಿಂದ ಆರಂಭ ಅಲ್ಲಿಂದಲೇ ಆಗಬೇಕು.