ಕುಂಡದ ಮರಗಳು

ಹರಿವಾಣದಂತೆ ಆಳವಿಲ್ಲದ ಒಂದು ಮಣ್ಣಿನ ಪಾತ್ರೆ. ಅದರಲ್ಲಿ ಮೊಳದೆತ್ತರದ ಒಂದು ಪೈನ್ ಮರ. ಬುಡವು ಗಂಟುಗಂಟಾಗಿ, ತೊಗಟೆಯು ಬಿರಿದು, ಕೊಂಬೆಗಳು ಬಹುಕಾಲದ ಗಾಳಿಮಳೆಗಳನ್ನುಂಡು ಬಾಗಿದಂತೆ ತೋರುವುವು. ಇದನ್ನು ಜಪಾನೀಯರು ಬೋನ್ಸಾಯ್ ಎಂದು ಕರೆಯುವರು. ‘ಬೋನ್’ ಎಂದರೆ ತಟ್ಟೆ, ‘ಸಾಯ್’ ಎಂದರೆ ನೆಡುವಿಕೆ. ಹೆಸರು ಇಷ್ಟು ಸರಳವಾದರೂ ಇದರ ಹಿಂದಿರುವ ಚರಿತ್ರೆಯು ಸರಳವಾದುದಲ್ಲ. ವೃದ್ಧರ ನಿರಪಾಯವಾದ ಕಾಲಕ್ಷೇಪವೆಂದು ಹೊರಗಿನವರು ಎಣಿಸುವ ಈ ವಿದ್ಯೆಯನ್ನು ಕುರಿತು, ಇದು ನಿಜವಾಗಿಯೂ ನಿರ್ದೋಷವಾದ ಸಂತೋಷವೇ ಎಂಬ ಪ್ರಶ್ನೆಯು ಅದೇ ದೇಶದಲ್ಲಿ ಆರುನೂರು ವರ್ಷಗಳಿಗೂ ಹಿಂದೆಯೇ ಎದ್ದಿದ್ದಿತು.

ಇದರ ತವರು ಚೀನಾ ದೇಶ. ತಾಂಗ್ ವಂಶದ ರಾಜಕುಮಾರ ಝಾಂಗ್‌ಹುವಾಯ್ ಎಂಬಾತನಿಗಾಗಿ ಕ್ರಿ. ಶ. ೭೦೬ರಲ್ಲಿ ಕಟ್ಟಿದ ಸಮಾಧಿಯ ಗೋಡೆಯಲ್ಲಿ, ಕಲ್ಲುಗಳನ್ನೂ ಕಿರುಗಿಡಗಳನ್ನೂ ಜೋಡಿಸಿದ ತಟ್ಟೆಯನ್ನು ಹಿಡಿದು ನಿಂತ ಪರಿಚಾರಕನ ಚಿತ್ರವೊಂದುಂಟು. ಅರಮನೆಯ ಈ ಅಲಂಕಾರವು ವಿದ್ವಾಂಸರ ಮನೆಗಿಳಿದುದು ಹೇಗೆಂಬುದಕ್ಕೆ ಕವಿ ಬಾಯ್ ಜೂಯಿಯ ಕಡೆಗಾಲವು ಒಳ್ಳೆಯ ನಿದರ್ಶನವಾಗಿದೆ. ೭೭೨ರಲ್ಲಿ ಹುಟ್ಟಿದ ಈತನು ಹಲವು ಪದವಿಗಳನ್ನೂ ಗಡೀಪಾರನ್ನೂ ಅನುಭವಿಸಿ, ೮೨೯ರಿಂದ ಲುವೊಯಾಂಗ್ ನಗರದಲ್ಲಿ ನೆಲಸಿದನು. ದಕ್ಷಿಣ ಸೀಮೆಯಿಂದ ತಂದ ತಾಯ್ ಸರೋವರದ ಕಲ್ಲುಗಳು, ಒಂದು ಕೊಳ, ಬಿದಿರು, ಕೊಕ್ಕರೆಗಳು: ಇವೇ ಆತನ ಐಶ್ವರ್ಯ. ೮೪೫ರಲ್ಲಿ ಎಪ್ಪತ್ತು ದಾಟಿದ ಮಿತ್ರರನ್ನು ಮನೆಗೆ ಕರೆದು ಆತನು ನಡೆಸಿದ ಗೋಷ್ಠಿಯನ್ನು ಮುಂದೆ ಚೀನಾ ಜಪಾನುಗಳ ಚಿತ್ರಕಾರರು ಎಷ್ಟು ಬಾರಿ ಬರೆದರೋ ಲೆಕ್ಕವಿಲ್ಲ. ಆ ಮುದುಕರು ಅಲ್ಲಿ ಮಾಡಿದ ಘನಕಾರ್ಯವೇನೂ ಇಲ್ಲ. ಕುಡಿದರು, ಪದ್ಯ ಕಟ್ಟಿದರು, ತಮ್ಮ ತಮ್ಮ ವಯಸ್ಸನ್ನು ಕೂಡಿಸಿ ನಕ್ಕರು. ಮರುವರ್ಷವೇ ಕವಿಯು ತೀರಿಕೊಂಡನು.

ಬೌದ್ಧ ಭಿಕ್ಷುಗಳೂ ವರ್ತಕರೂ ಸಮುದ್ರವನ್ನು ದಾಟುತ್ತಿದ್ದ ಕಾಲದಲ್ಲಿ ಈ ಅಭಿರುಚಿಯು ಜಪಾನನ್ನು ಮುಟ್ಟಿತು. ೧೩೦೯ರ ಕಾಸುಗ ದೇವಸ್ಥಾನದ ಚಿತ್ರಸುರುಳಿಯಲ್ಲಿ ತಟ್ಟೆಯ ಮರಗಳು ಕಾಣುವುವು. ಅಷ್ಟರಲ್ಲಿಯೇ ಆಕ್ಷೇಪಣೆಯೂ ಹುಟ್ಟಿತು. ಚಕ್ರವರ್ತಿ ಗೊದಾಯ್ಗೊವಿನ ಆಸ್ಥಾನಿಕನಾದ ಹಿನೊ ಸುಕೆತೊಮೊ ಎಂಬಾತನು ಒಮ್ಮೆ ಮಳೆಗೆ ಸಿಕ್ಕಿ ಕ್ಯೋಟೊವಿನ ತೋಜಿ ದೇವಾಲಯದ ಹೆಬ್ಬಾಗಿಲಲ್ಲಿ ನಿಂತನು. ಅಲ್ಲಿ ಕೈಕಾಲು ಸೊಟ್ಟಗಾದ ಭಿಕ್ಷುಕರು ಗುಂಪುಗೂಡಿದ್ದರು. ಮೊದಲು ಅವರ ರೂಪವು ಅವನಿಗೆ ವಿಚಿತ್ರವೆನಿಸಿ ಕುತೂಹಲವನ್ನು ತಂದಿತು. ಸ್ವಲ್ಪ ಹೊತ್ತಿನಲ್ಲಿಯೇ ಆ ಕುತೂಹಲವು ಜುಗುಪ್ಸೆಯಾಯಿತು. ಮನೆಗೆ ಬಂದು ತನ್ನ ಕುಂಡಗಳನ್ನು ನೋಡಿದಾಗ, ಸೊಟ್ಟ ಮರಗಳಲ್ಲಿ ತಾನು ಪಡುತ್ತಿದ್ದ ಸಂತೋಷವು ಆ ಸೊಟ್ಟ ದೇಹಗಳನ್ನು ನೋಡಿ ಪಟ್ಟ ಸಂತೋಷವೇ ಎಂದು ಅವನಿಗೆ ತೋರಿತು. ಆಗಲೇ ಎಲ್ಲ ಮರಗಳನ್ನೂ ಕೀಳಿಸಿ ಎಸೆಯಿಸಿದನು. ಈ ಸಂಗತಿಯನ್ನು ಯತಿ ಕೆಂಕೊ ತನ್ನ ‘ತ್ಸುರೆಜುರೆಗುಸ’ ಎಂಬ ಗ್ರಂಥದಲ್ಲಿ ಬರೆದು, ಅದು ಸರಿಯೆಂದೇ ಒಪ್ಪಿರುವನು. ಸುಕೆತೊಮೊ ೧೩೩೨ರಲ್ಲಿ ಸಾದೊ ದ್ವೀಪದಲ್ಲಿ ಮರಣದಂಡನೆಗೆ ಗುರಿಯಾದನು. ಭಿಕ್ಷುಕರನ್ನು ಕುರಿತು ಅವನಿಗೆ ಕರುಣೆ ಹುಟ್ಟಿದಂತೆ ಕೆಂಕೊ ಎಲ್ಲಿಯೂ ಹೇಳುವುದಿಲ್ಲ; ವಾಚಕರಿಗೆ ಅದೂ ಒಂದು ಕೊರತೆಯಾಗಿ ತೋರಬಹುದು. ಆದರೂ ಅವನು ಹಾಕಿದ ಪ್ರಶ್ನೆಯು ಉಳಿದುಕೊಂಡಿತು.

ಇದಕ್ಕೆ ಉತ್ತರವೋ ಎಂಬಂತೆ ‘ಹಾಚಿ ನೊ ಕಿ’, ಎಂದರೆ ‘ಕುಂಡದ ಮರಗಳು’ ಎಂಬ ನೋ ನಾಟಕವೊಂದಿದೆ. ಕಾಮಕುರದ ಅಧಿಕಾರವನ್ನು ೧೨೫೬ರಲ್ಲಿ ಬಿಟ್ಟು ಸಂನ್ಯಾಸವನ್ನು ಸ್ವೀಕರಿಸಿದ ಹೋಜೊ ತೊಕಿಯೊರಿಯನ್ನು ಕುರಿತ ಐತಿಹ್ಯವೇ ಇದರ ವಸ್ತು. ಹಿಮ ಬೀಳುವ ರಾತ್ರಿಯಲ್ಲಿ ಪರಿವ್ರಾಜಕನೊಬ್ಬನು ಸಾನೊ ಎಂಬ ಊರಿನ ಬಡ ಮನೆಯಲ್ಲಿ ಆಶ್ರಯವನ್ನು ಬೇಡುವನು. ಬಂಧುಗಳ ವಂಚನೆಯಿಂದ ಭೂಮಿಯನ್ನು ಕಳೆದುಕೊಂಡ ಮನೆಯೊಡೆಯ ತ್ಸುನೆಯೊ ಮೊದಲು ಇಲ್ಲವೆಂದು ಹೇಳಿ, ಆಮೇಲೆ ಮನಸ್ಸು ತಡೆಯದೆ ಹಿಮದಲ್ಲಿ ಹಿಂದೆಯೇ ಓಡಿ ಕರೆತರುವನು. ಉಣ್ಣುವುದಕ್ಕೆ ನವಣೆಯಂತಹ ಕಿರುಧಾನ್ಯವೇ ಹೊರತು ಮತ್ತೇನೂ ಇಲ್ಲ. ಸೌದೆಯಂತೂ ಇಲ್ಲವೇ ಇಲ್ಲ. ಅನುಕೂಲದ ದಿನಗಳಲ್ಲಿ ಆತನು ಕೂಡಿಸಿದ್ದ ಕುಂಡದ ಮರಗಳಲ್ಲಿ ಮೂರು ಮಾತ್ರ ಉಳಿದಿದ್ದುವು: ಪ್ಲಮ್, ಚೆರಿ, ಪೈನ್. ಅತಿಥಿಯು ಬೇಡವೆಂದರೂ ಕೇಳದೆ ಆತನು ಆ ಮೂರನ್ನೂ ಕಡಿದು ಒಲೆಗಿಡುವನು. ಮುಂದೆ ಕಾಮಕುರದಿಂದ ಯುದ್ಧಕ್ಕೆ ಕರೆ ಬಂದಾಗ, ತುಕ್ಕು ಹಿಡಿದ ಆಯುಧದೊಡನೆ ಬಡಕಲು ಕುದುರೆಯನ್ನೇರಿ ಬಂದ ತ್ಸುನೆಯೊವಿಗೆ, ಆ ರಾತ್ರಿಯ ಅತಿಥಿಯು ತೊಕಿಯೊರಿಯೆಂದು ತಿಳಿಯುವುದು. ಕಳೆದುಹೋದ ಭೂಮಿಯೊಡನೆ ಉಮೆದ, ಸಕುರಾಯ್, ಮತ್ಸುಯಿದ ಎಂಬ ಮೂರು ಗ್ರಾಮಗಳು ಬಹುಮಾನವಾಗಿ ದೊರೆಯುವುವು. ಮೂರರ ಹೆಸರುಗಳಲ್ಲಿಯೂ ಕ್ರಮವಾಗಿ ಸುಟ್ಟ ಮರಗಳ ಹೆಸರುಗಳು ಅಡಗಿವೆ. ಬಹುಮಾನದ ಭಾಗವು ಕಥೆಗಾರನ ಜಾಣ್ಮೆ. ಜಪಾನಿನ ಜನರು ಮರೆಯದಿರುವುದು ಒಲೆಯ ಭಾಗವನ್ನು.

ತೊಕುಗಾವ ಪ್ರಭುಗಳ ದೀರ್ಘ ಶಾಂತಿಯಲ್ಲಿ ಈ ವಿದ್ಯೆಯು ಬೆಳೆಯಿತು. ಮೂರನೆಯ ಷೋಗನ್ ಇಯೆಮಿತ್ಸುವು ಪ್ರೀತಿಸಿದ ಪೈನ್ ಮರವೊಂದು ಇಂದಿಗೂ ಟೋಕಿಯೊದ ಅರಮನೆಯ ಸಂಗ್ರಹದಲ್ಲಿದೆ. ಅದರ ವಯಸ್ಸು ಐನೂರು ವರ್ಷಗಳಿಗೂ ಮಿಗಿಲೆಂದು ಎಣಿಸುವರು. ಆದರೆ ಕುಂಡದ ಮರವನ್ನು ಮನೆಮನೆಯ ವಸ್ತುವನ್ನಾಗಿ ಮಾಡಿದುದರಲ್ಲಿ ಪ್ರಭುಗಳಿಗಿಂತ ‘ಇನ್‌ಕ್ಯೊ’ ಎಂಬ ಪದ್ಧತಿಯ ಪಾತ್ರವು ಕಡಮೆಯೇನಲ್ಲ. ಯಜಮಾನನು ವಯಸ್ಸಾದ ಬಳಿಕ ಮನೆವಾರ್ತೆಯನ್ನು ಮಗನಿಗೊಪ್ಪಿಸಿ ಪ್ರತ್ಯೇಕವಾದ ಚಿಕ್ಕ ಬಿಡಾರಕ್ಕೆ ಸರಿಯುವುದೇ ಈ ಪದ್ಧತಿ. ೧೮೯೮ರ ಶಾಸನವು ಇದಕ್ಕೆ ಅರವತ್ತು ವರ್ಷವೆಂದು ಕಟ್ಟು ಮಾಡಿತು. ೧೯೪೭ರ ತಿದ್ದುಪಡಿಯಲ್ಲಿ ಇದು ಶಾಸನದಿಂದ ಬಿಟ್ಟುಹೋಯಿತು. ವಾನಪ್ರಸ್ಥನು ಅಡವಿಗೆ ಹೋಗಬೇಕೆಂಬ ವಿಧಿಯನ್ನು ಬಲ್ಲ ವಾಚಕರಿಗೆ, ಅಡವಿಯನ್ನೇ ಅಂಗಳಕ್ಕೆ ಕರೆಸಿಕೊಂಡ ಈ ಮುದುಕರನ್ನು ಕಂಡು ನಗು ಬಂದರೆ ಬರಬಹುದು. ಹೀಗೆ ಸರಿದವರೆಲ್ಲರೂ ಗಿಡಗಳನ್ನೇ ಸಾಕಿದರೆಂದಲ್ಲ. ಮದ್ಯದ ವ್ಯಾಪಾರವನ್ನು ಮಗನಿಗೆ ಬಿಟ್ಟು ಐವತ್ತರಲ್ಲಿ ಖಗೋಳಶಾಸ್ತ್ರಕ್ಕೆ ಕುಳಿತ ಇನೊ ತದತಕನು, ೧೮೦೦ರಿಂದ ಜಪಾನಿನ ಕರಾವಳಿಯನ್ನು ಕಾಲ್ನಡಿಗೆಯಿಂದ ಅಳೆದನು! ಅಂತಹವರು ವಿರಳ. ಉಳಿದವರಿಗೆ ಒಂದು ಕತ್ತರಿ, ಒಂದು ನೀರಿನ ಪಾತ್ರೆ, ಬೆಳಗಿನ ಬಿಸಿಲು, ಇಷ್ಟು ಸಾಕಾಗಿದ್ದಿತು.

ಸಾಕಾಗಿದ್ದಿತೆಂದ ಮಾತ್ರಕ್ಕೆ ಸುಲಭವಾಗಿದ್ದಿತೆಂದು ತಿಳಿಯಬಾರದು. ಈ ಮರಗಳು ಹುಟ್ಟುಗಿಡ್ಡ ಜಾತಿಯವೇ ಆಗಬೇಕಾದುದಿಲ್ಲ; ನೆಲದಲ್ಲಿ ನೆಟ್ಟರೆ ಅದೇ ಬೀಜವು ಎತ್ತರದ ಮರವಾದೀತು. ಕುಂಡದಲ್ಲಿ ಬೇರು ಹರಡಲು ಸ್ಥಳವಿಲ್ಲ. ಕೆಲವು ವರ್ಷಗಳಿಗೊಮ್ಮೆ ಮರವನ್ನೆತ್ತಿ, ಬೇರಿನ ಒಂದಂಶವನ್ನು ಕತ್ತರಿಸಿ, ಮಣ್ಣನ್ನು ಬದಲಾಯಿಸುವರು. ಆಗ ಬುಡದ ಬಳಿ ಹೊಸ ಎಳೆಬೇರುಗಳು ಒಡೆಯುವುವು. ತುದಿಯ ಮೊಗ್ಗನ್ನು ಚಿವುಟಿದರೆ ಕೆಳಗಣ ಮೊಗ್ಗುಗಳಿಗೆ ಬಲ ಬರುವುದು. ಕೊಂಬೆಗೆ ತಂತಿಯನ್ನು ಸುತ್ತಿ ಬಾಗಿಸಿ, ಅದು ತೊಗಟೆಯನ್ನು ಕಚ್ಚುವ ಮೊದಲೇ ಬಿಚ್ಚಬೇಕು. ಇವೆಲ್ಲಕ್ಕಿಂತ ಕಷ್ಟವಾದುದು ನೀರೆರೆಯುವುದು; ಅದನ್ನು ಕಲಿಯಲು ಮೂರು ವರ್ಷ ಬೇಕೆಂದು ಆ ಕಸುಬಿನವರ ಮಾತು. ಹಿಡಿ ಮಣ್ಣು ಬೇಸಗೆಯಲ್ಲಿ ಒಂದು ಹಗಲಿನಲ್ಲಿಯೇ ಒಣಗುವುದಾದ್ದರಿಂದ ಕುಂಡವನ್ನು ಬಿಟ್ಟು ಊರಿಗೆ ಹೋಗುವಂತಿಲ್ಲ. ಸುಕೆತೊಮೊ ಕಂಡುದು ಮರದ ಸೊಟ್ಟನ್ನು ಮಾತ್ರ. ಸಾಕುವವನೂ ಮರಕ್ಕೆ ಅಷ್ಟೇ ಕಟ್ಟುಬಿದ್ದಿರುವನೆಂಬುದು ಅವನಿಗೆ ತೋರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ಸಿನ ಪ್ರದರ್ಶನಗಳ ಮೂಲಕ ಯೂರೋಪಿಗೂ ಈ ಮರಗಳ ಪರಿಚಯವಾಯಿತು. ೧೯೨೩ರ ಮಹಾಭೂಕಂಪದಲ್ಲಿ ಟೋಕಿಯೊ ನಾಶವಾದ ಮೇಲೆ, ಅಲ್ಲಿನ ಬೆಳೆಗಾರರಲ್ಲಿ ಕೆಲವರು ಒಳ್ಳೆಯ ಮಣ್ಣುನೀರುಗಳನ್ನರಸಿ ೧೯೨೫ರಲ್ಲಿ ಉತ್ತರದ ಓಮಿಯದಲ್ಲಿ ಒಂದು ಊರನ್ನೇ ಕಟ್ಟಿದರು. ಅಲ್ಲಿ ನೆಲಸುವವರು ಹತ್ತು ಮರಗಳನ್ನಾದರೂ ಸಾಕಬೇಕು, ಮಹಡಿಯನ್ನು ಕಟ್ಟಬಾರದು, ಬೇಲಿಯು ಗಿಡದ್ದಾಗಿರಬೇಕು, ಬಾಗಿಲು ಎಲ್ಲರಿಗೂ ತೆರೆದಿರಬೇಕು ಎಂದು ನಿಯಮ ಮಾಡಿಕೊಂಡರು. ಮುಂದೆ ಯುದ್ಧ ಬಂದಿತು. ಮರಗಳಿಗೆ ನೀರೆರೆಯುವುದು ಅನಾವಶ್ಯಕವಾದ ಭೋಗವೆಂದು ಎಣಿಸುವ ದಿನಗಳು ಬಂದುವು.

ಹಿರೋಷಿಮಾದಲ್ಲಿ ಯಮಾಕಿ ಮನೆತನದವರ ತೋಟವು, ೧೯೪೫ನೆಯ ಆಗಸ್ಟ್ ೬ರಂದು ಅಣುಬಾಂಬು ಬಿದ್ದ ಸ್ಥಳಕ್ಕೆ ಸುಮಾರು ಎರಡು ಮೈಲಿಯೊಳಗಿದ್ದಿತು. ಮನೆಯ ಗಾಜುಗಳು ಒಡೆದು ಸಿಡಿದು ಒಳಗಿದ್ದವರಿಗೆ ಗಾಯಗಳಾದುವು. ಎತ್ತರದ ಗೋಡೆಯ ಮರೆಯಲ್ಲಿದ್ದ ಕುಂಡದ ಮರಗಳು ಉಳಿದುವು. ಅವುಗಳಲ್ಲಿ ೧೬೨೫ರಿಂದ ಬೆಳೆಸಿಕೊಂಡು ಬಂದ ಒಂದು ಬಿಳಿಯ ಪೈನ್ ಮರವೂ ಇದ್ದಿತು. ಅಮೇರಿಕವು ತನ್ನ ಸ್ವಾತಂತ್ರ್ಯದ ಇನ್ನೂರನೆಯ ವರ್ಷವನ್ನಾಚರಿಸಿದ ೧೯೭೬ರಲ್ಲಿ ಜಪಾನು ಐವತ್ತಮೂರು ಮರಗಳನ್ನು ಕಾಣಿಕೆಯಾಗಿತ್ತಾಗ, ಮಸಾರು ಯಮಾಕಿ ಈ ಮರವನ್ನು ಕೊಟ್ಟನು. ತಲೆಮಾರುಗಳಿಂದ ಮನೆತನದವರು ಕತ್ತರಿಸಿ, ಕಟ್ಟಿ, ನೀರೆರೆದು ಬಂದ ಮರವು ತಮ್ಮ ಊರನ್ನು ಸುಟ್ಟ ದೇಶಕ್ಕೆ ಹೋಯಿತು. ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನದಲ್ಲಿ ಅದನ್ನು ಸಾಕುತ್ತಿದ್ದವರಿಗೆ ಅದರ ವಯಸ್ಸೂ ಕೊಟ್ಟವನ ಹೆಸರೂ ತಿಳಿದಿದ್ದುವು. ೧೯೪೫ರ ಸಂಗತಿಯು ಮಾತ್ರ ಅವರಿಗೆ ತಿಳಿದಿರಲಿಲ್ಲ. ೨೦೦೧ನೆಯ ಮಾರ್ಚಿಯಲ್ಲಿ ಆತನ ಇಬ್ಬರು ಮೊಮ್ಮಕ್ಕಳು ಅಜ್ಜನ ಮರವನ್ನು ನೋಡಬೇಕೆಂದು ಅಲ್ಲಿಗೆ ಬಂದು, ಮಾತಿನ ನಡುವೆ ಅದನ್ನು ಹೇಳಿದರು.